ಹಾಲಿಗೆ ಮೊದಲು ಕಾವು



ಪ್ರಾಣಿಗಳ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು, ಕೇಳಿದವರಿಗೆ ಅದು ಮನೆಯಲ್ಲಿ ಉಪಯೋಗಕ್ಕೆ ಬರಬೇಕು ಎಂಬುದು ಈ ದತ್ತಿಯ ಆಶಯ. ಆನೆಯನ್ನೋ ಹುಲಿಯನ್ನೋ ಆರಿಸಿಕೊಂಡಿದ್ದರೆ ಸಭೆಗೆ ಕಳೆ ಬರುತ್ತಿತ್ತು. ನಾನು ಆರಿಸಿಕೊಂಡದ್ದು ಇನ್ನೂ ಕಣ್ಣು ಬಿಡದ ನಾಯಿಮರಿಯನ್ನು. ಆನೆಮರಿ ಸಾಕುವ ಪ್ರಸಂಗ ನಿಮ್ಮಲ್ಲಿ ಯಾರಿಗೂ ಬರಲಾರದು. ಮನೆ ಮುಂದಿನ ಮೋರಿಯೊಳಗಿಂದ ಕುಂಯ್ ಕುಂಯ್ ಕೇಳಿಸುವ ಪ್ರಸಂಗ ಬಹಳ ಜನಕ್ಕೆ ಬಂದೇ ಇರುತ್ತದೆ.

ವೃತ್ತಿಯಲ್ಲಿ ನಾನು ದನದ ಡಾಕ್ಟರು. ಇಲಾಖೆಯ ಕೆಲಸವೆಂದರೆ ಹಸು, ಎಮ್ಮೆ, ಕುರಿ. ನಾಯಿಯ ಸರದಿ ಸಾಲಿನ ಕೊನೆಗೆ. ಹಾಲು ಕುಡಿಯುವ ಮರಿಯಂತೂ ಆಸ್ಪತ್ರೆಗೇ ಬರುವುದಿಲ್ಲ, ಫೋನಿನಲ್ಲಿ ಬರುತ್ತದೆ, ಅದೂ ರಾತ್ರಿ. "ಸಾರ್, ಒಂದು ಮರಿ ಸಿಕ್ಕಿದೆ. ಹಾಲು ಎಷ್ಟು ಹಾಕಬೇಕು?" ಪ್ರಶ್ನೆ ಯಾವಾಗಲೂ ಇದೇ. "ಮೈ ಮುಟ್ಟಿ ನೋಡಮ್ಮ, ಬೆಚ್ಚಗಿದೆಯಾ?" ಎಂದು ಕೇಳಿದರೆ, "ಇಲ್ಲ ಸಾರ್, ತಣ್ಣಗಾಗಿಬಿಟ್ಟಿದೆ, ಅದಕ್ಕೇ ಬಿಸಿ ಹಾಲು ಕುಡಿಸೋಣ ಅಂತಿದೀವಿ" ಎನ್ನುತ್ತಾರೆ. ಕರುಣೆಗೆ ಕೊರತೆಯಿಲ್ಲ, ಕ್ರಮ ತಿರುಗುಮುರುಗಾಗಿದೆ. ಮೊದಲು ಕಾವು, ಆಮೇಲೆ ಹಾಲು. ಅದಕ್ಕೂ ಮೊದಲು, ಆ ಮರಿಯನ್ನು ಎತ್ತಿಕೊಂಡು ಬರಬೇಕಾಗಿತ್ತೇ ಎಂಬ ವಿಚಾರ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಕಾರ್ತಿಕ ಮಾಸಕ್ಕೂ ನಾಯಿಗೂ ಇರುವ ನಂಟನ್ನು ಈ ಸಭೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ನಾಯಿಯ ಗಬ್ಬದ ಅವಧಿ ಸುಮಾರು 63 ದಿನ. ಕಾರ್ತಿಕದಲ್ಲಿ ಗಬ್ಬ ನಿಂತರೆ ಪುಷ್ಯದಲ್ಲಿ ಮರಿ. ಮನೆ ನಾಯಿ ವರ್ಷದ ಯಾವ ತಿಂಗಳಲ್ಲಾದರೂ ಈದೀತು, ಬೀದಿಯಲ್ಲಿ ಮಾತ್ರ ಚಳಿಗಾಲದಲ್ಲೇ ಮರಿಗಳ ಗುಂಪು ಹೆಚ್ಚು. ಬೆಂಗಳೂರಿನಲ್ಲಿ ಆಗ ರಾತ್ರಿಯ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಬೀದರ, ವಿಜಯಪುರದ ಕಡೆ ಕೆಲವು ರಾತ್ರಿ 10ಕ್ಕಿಂತ ಕೆಳಗಿಳಿಯುತ್ತದೆ.

ಈ ಚಳಿಗೆ ಬಂದು ಬೀಳುವ ಜೀವ ಎಂಥದು? ಹುಟ್ಟಿದ ಮರಿಗೆ ಕಣ್ಣು ಕಾಣದು, ಕಿವಿ ಕೇಳದು ಎಂಬುದು ಎಲ್ಲರಿಗೂ ಗೊತ್ತು. ಕಣ್ಣು ತೆರೆಯುವುದು 10ರಿಂದ 14 ದಿನಕ್ಕೆ, ಕಿವಿ ಅದರ ಬೆನ್ನಿಗೇ. ಅದಕ್ಕೆ ನಡುಗಲೂ ಬರುವುದಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ನಮಗೆ ಚಳಿಯಾದರೆ ಮೈ ನಡುಗುತ್ತದೆ. ಆ ನಡುಕದಲ್ಲೇ ಶಾಖ ಹುಟ್ಟುತ್ತದೆ. ಮೊದಲ ಒಂದು ವಾರ ಮರಿಗೆ ಆ ಶಕ್ತಿ ಇರುವುದಿಲ್ಲ. ಚರ್ಮದಡಿ ಕೊಬ್ಬೂ ಇಲ್ಲ. ತಾಯಿಯ ಹೊಟ್ಟೆಗೆ, ಒಡಹುಟ್ಟಿದವುಗಳ ಬೆನ್ನಿಗೆ ಅಂಟಿಕೊಂಡಿರುವುದೊಂದೇ ಅದಕ್ಕೆ ತಿಳಿದ ಉಪಾಯ. ದೊಡ್ಡ ನಾಯಿಯ ಮೈ 101, 102 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ, ಮೊದಲ ವಾರದ ಮರಿಯ ಮೈ 95ರಿಂದ 98 ಮಾತ್ರ. 94ಕ್ಕಿಂತ ಇಳಿಯಿತೆಂದರೆ ಚೀಪುವ ಶಕ್ತಿ ಹೋಗುತ್ತದೆ, ಎದೆಬಡಿತ ನಿಧಾನವಾಗುತ್ತದೆ, ಕರುಳಿನ ಚಲನೆ ನಿಲ್ಲುತ್ತದೆ.

ಈಗ ಆ ಬಿಸಿ ಹಾಲಿನ ಪ್ರಶ್ನೆಗೆ ಬರೋಣ. ಕರುಳು ನಿಂತಿರುವ ಮರಿಗೆ ಹಾಲು ಕುಡಿಸಿದರೆ ಅದು ಹೊಟ್ಟೆಯಲ್ಲೇ ಕೂತು ಹುಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಇಲ್ಲವೇ ನುಂಗಲಾರದೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಎರಡು ಚಮಚ ಹಾಲಿನಿಂದ ಮೈಗೆ ಶಾಖ ಬರುವುದೂ ಇಲ್ಲ. "ಚೆನ್ನಾಗಿ ಕುಡೀತು ಸಾರ್, ಬೆಳಿಗ್ಗೆ ನೋಡಿದರೆ ಹೋಗಿಬಿಟ್ಟಿತ್ತು" ಎನ್ನುವವರಲ್ಲಿ ಅನೇಕರು ಕೊಟ್ಟದ್ದು ತಣ್ಣನೆಯ ಮರಿಗೆ ಹಾಲು. ಇನ್ನೊಂದು ಕೇಡೂ ಇದೆ. ಮರಿಗಳನ್ನು ಮೊದಲ ಮೂರು ವಾರಗಳಲ್ಲಿ ಕೊಲ್ಲುವ ನಾಯಿಗಳ ಹರ್ಪಿಸ್ ವೈರಾಣು ಮೈ ತಣ್ಣಗಿದ್ದಷ್ಟೂ ಚುರುಕಾಗಿ ಬೆಳೆಯುತ್ತದೆ. ಬೆಚ್ಚಗಿರುವ ಮರಿಯಲ್ಲಿ ಅದಕ್ಕೆ ಅಷ್ಟು ಆಸ್ಪದವಿಲ್ಲ.

ಕಾವು ಕೊಡುವುದಕ್ಕೆ ಹೆಚ್ಚಿನ ಸಲಕರಣೆ ಬೇಕಾಗಿಲ್ಲ. ಒಂದು ರಟ್ಟಿನ ಪೆಟ್ಟಿಗೆ, ತಳಕ್ಕೆ ಹಳೇ ಪೇಪರು, ಅದರ ಮೇಲೆ ಬಟ್ಟೆ. ಬಿಸಿನೀರು ತುಂಬಿದ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಗಷ್ಟೇ ಇಡಿ. ಇನ್ನೊಂದು ಬದಿ ಖಾಲಿ ಇರಲಿ, ಸೆಕೆಯಾದರೆ ಮರಿ ಅತ್ತ ತೆವಳಿಕೊಳ್ಳುತ್ತದೆ. ಬಾಟಲಿ ಆರಿದ ಮೇಲೆ ಅದೇ ಮರಿಯ ಶಾಖ ಹೀರುತ್ತದೆ, ಆದ್ದರಿಂದ ಬದಲಿಸುತ್ತಲೇ ಇರಬೇಕು. ಹಿಂದೆ ನಾವು 40 ವ್ಯಾಟಿನ ಬಲ್ಬು ಇಳಿಬಿಡಿ ಎನ್ನುತ್ತಿದ್ದೆವು. ಈಗ ಮನೆಮನೆಯಲ್ಲೂ ಎಲ್‌ಇಡಿ. ಅದು ಬೆಳಕು ಕೊಡುತ್ತದೆ, ಮರಿ ಬೆಚ್ಚಗಾಗುವಷ್ಟು ಶಾಖ ಕೊಡುವುದಿಲ್ಲ. "ಬಲ್ಬು ಹಾಕಿದೀವಿ ಸಾರ್" ಎಂದಾಗ ಯಾವ ಬಲ್ಬು ಎಂದು ಕೇಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಕೋಳಿ ಫಾರಂನವರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ಒಂದು ದಿನದ ಕೋಳಿಮರಿಯನ್ನು ಬ್ರೂಡರ್ ಕೆಳಗೆ ಬಿಟ್ಟ ಮೇಲೆಯೇ ಕಾಳು ಎಂಬುದು ಅವರಿಗೆ ಗೊತ್ತು.

ಮೊದಲ ವಾರ ಪೆಟ್ಟಿಗೆಯೊಳಗೆ 30ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು, ಆಮೇಲೆ ವಾರವಾರಕ್ಕೂ ಸ್ವಲ್ಪ ಇಳಿಸಬಹುದು. ತೀರಾ ತಣ್ಣಗಾದ ಮರಿಯನ್ನು ಒಲೆಯ ಮುಂದೆ ಹಿಡಿದು ಹತ್ತು ನಿಮಿಷದಲ್ಲಿ ಬೆಚ್ಚಗೆ ಮಾಡಲು ಹೋಗಬೇಡಿ. ಒಂದೆರಡು ಗಂಟೆ ಹಿಡಿಯಲಿ. ಎಲ್ಲಕ್ಕಿಂತ ಸುಲಭದ್ದು, ನಿಮ್ಮ ಅಂಗಿಯೊಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳುವುದು. ಔಷಧಿ ಅಂಗಡಿಯ ಡಿಜಿಟಲ್ ಥರ್ಮಾಮೀಟರನ್ನು ಗುದದ್ವಾರದಲ್ಲಿ ಸ್ವಲ್ಪವೇ ಇಟ್ಟು ನೋಡಿ. ಮನುಷ್ಯರದಾದ್ದರಿಂದ ಬಹಳಷ್ಟು ಮೀಟರುಗಳು 90ಕ್ಕಿಂತ ಕೆಳಗೆ ‘ಲೋ’ ಎಂದಷ್ಟೇ ತೋರಿಸುತ್ತವೆ. ‘ಲೋ’ ಎಂದಿತೆಂದರೆ ಹಾಲಿನ ಮಾತೇ ಬೇಡ. ಮೈ ಕಾವೇರುತ್ತ ಬಂದಾಗ ಒಸಡಿಗೆ ಗ್ಲೂಕೋಸ್ ನೀರು ಸವರಬಹುದು, ಏಕೆಂದರೆ ಚಳಿಯ ಜೊತೆಗೇ ರಕ್ತದ ಸಕ್ಕರೆಯೂ ಕುಸಿದಿರುತ್ತದೆ. ಕಿರುಬೆರಳನ್ನು ಬಾಯಿಗಿಟ್ಟು ನೋಡಿ. ಬಾಯಿ ಬೆಚ್ಚಗಿದ್ದು, ಬೆರಳನ್ನು ಜಗ್ಗಿ ಚೀಪಿದರೆ ಆಗ ಹಾಲು.

ಯಾವ ಹಾಲು? ನಾಯಿ ಹಾಲು ನಮ್ಮ ಹಸುವಿನ ಹಾಲಿನಂಥದ್ದಲ್ಲ. ಅದರಲ್ಲಿ ಕೊಬ್ಬು ಸುಮಾರು ಶೇ. 9, ಪ್ರೋಟೀನು ಶೇ. 8ರ ಹತ್ತಿರ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸು ಶೇ. 3.5ರಷ್ಟು. ಹಸುವಿನ ಹಾಲಿನಲ್ಲಿ ಕೊಬ್ಬು 4, ಪ್ರೋಟೀನು 3.3, ಲ್ಯಾಕ್ಟೋಸು 4.8. ನಾಯಿಮರಿಗೆ ಯಾವುದು ಹೆಚ್ಚು ಬೇಕೋ ಅದು ಇದರಲ್ಲಿ ಅರ್ಧಕ್ಕಿಂತ ಕಡಿಮೆ, ಯಾವುದು ಭೇದಿ ಮಾಡಿಸುತ್ತದೋ ಅದು ಜಾಸ್ತಿ. ನಂದಿನಿಯ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3. ನಮಗೆ ಅದು ಒಳ್ಳೆಯ ಹಾಲು. ಅದಕ್ಕೆ ‘ಮರಿ ಅಲ್ವಾ, ಗಟ್ಟಿ ಹಾಲು ಜೀರ್ಣವಾಗಲ್ಲ’ ಎಂದು ಅರ್ಧದಷ್ಟು ನೀರು ಬೆರೆಸುವವರು ಊರ ತುಂಬ ಇದ್ದಾರೆ. ಮರಿಯ ಹೊಟ್ಟೆ ಪುಟ್ಟದು. ಅದು ನೀರಿನಿಂದಲೇ ತುಂಬಿದರೆ ಹೊಟ್ಟೆ ಗುಂಡಗಿದ್ದೂ ಮರಿ ಸೊರಗುತ್ತದೆ. ಮೇಕೆ ಹಾಲೂ ಹೆಚ್ಚುಕಡಿಮೆ ಹಸುವಿನ ಹಾಲಿನಂತೆಯೇ. ಗಾಂಧೀಜಿಯವರಿಗೆ ಒಗ್ಗಿತ್ತೆಂದು ನಾಯಿಮರಿಗೂ ಒಗ್ಗಬೇಕೆಂದಿಲ್ಲ. ಮಕ್ಕಳ ಡಬ್ಬಿ ಹಾಲಿನಲ್ಲಿ ಲ್ಯಾಕ್ಟೋಸು ಇನ್ನೂ ಹೆಚ್ಚು, ಪ್ರೋಟೀನು ಇನ್ನೂ ಕಡಿಮೆ.

ನಾಯಿಮರಿಗೆಂದೇ ತಯಾರಿಸಿದ ಹಾಲಿನ ಪುಡಿ ಸಾಕುಪ್ರಾಣಿಗಳ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ದುಬಾರಿ, ಆದರೆ ಅದೇ ಸರಿ. ಅಂಗಡಿ ತೆರೆಯುವವರೆಗೆ, ಹೆಚ್ಚೆಂದರೆ ಒಂದೆರಡು ದಿನಕ್ಕೆ, ಮನೆಯಲ್ಲೇ ಹೀಗೆ ಮಾಡಿಕೊಳ್ಳಬಹುದು: ಶೇ. 6 ಕೊಬ್ಬಿರುವ ಕೆನೆಭರಿತ ಹಾಲು ಕಾಲು ಲೀಟರ್ ಕಾಯಿಸಿ, ಉಗುರು ಬೆಚ್ಚಗಾದ ಮೇಲೆ ಮೂರು ಮೊಟ್ಟೆಯ ಹಳದಿಯನ್ನೂ ಒಂದು ಟೀ ಚಮಚ ಅಡುಗೆ ಎಣ್ಣೆಯನ್ನೂ ಕದಡಿ, ಸೋಸಿ ಫ್ರಿಜ್ಜಿನಲ್ಲಿಡಿ. ಮೊಟ್ಟೆಯ ಬಿಳಿ ಬೇಡ, ಸಕ್ಕರೆ ಬೇಡ, ಜೇನುತುಪ್ಪ ಬೇಡ. ಒಂದು ದಿನ ದಾಟಿದ್ದನ್ನು ಚೆಲ್ಲಿ. ಮೊಟ್ಟೆ ಮುಟ್ಟದ ಮನೆಯವರಿಗೆ ಪುಡಿ ಹಾಲೊಂದೇ ದಾರಿ.

ಅಳತೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಬೇಕು. ಮೊದಲ ವಾರ 100 ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 20 ಮಿ.ಲೀ. ಲೆಕ್ಕ. 300 ಗ್ರಾಂ ಮರಿಗೆ 60 ಮಿ.ಲೀ.; ಅದನ್ನು ಎಂಟು ಸಲಕ್ಕೆ ಹಂಚಿದರೆ ಸಲಕ್ಕೆ ಏಳೆಂಟು ಮಿ.ಲೀ. ಮರಿಯ ಹೊಟ್ಟೆ ಹಿಡಿಯುವುದು 100 ಗ್ರಾಂಗೆ 4 ಮಿ.ಲೀ.ನಷ್ಟೇ ಆದ್ದರಿಂದ ಒಂದೇ ಸಲ 12 ಮಿ.ಲೀ. ಮೀರಬಾರದು. ಎಂಟು ಸಲ ಎಂದರೆ ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಎರಡನೇ ವಾರದಿಂದ ಪ್ರಮಾಣ ಏರಿಸುತ್ತ, ನಡುವಿನ ಅಂತರವನ್ನು ನಿಧಾನವಾಗಿ ಹೆಚ್ಚಿಸಬಹುದು. ಈ ರಾತ್ರಿ ಪಾಳಿಯ ಬಗ್ಗೆ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಮರಿ ತಂದ ಉತ್ಸಾಹ ಮಕ್ಕಳದು, ನಸುಕಿನ ಮೂರಕ್ಕೆ ಏಳುವುದು ಮಾತ್ರ ತಾಯಿಯ ಪಾಲು ಎಂದಾಗಬಾರದು.

ಮರಿಯನ್ನು ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ದಿನಕ್ಕೆ ಶೇ. 5ರಿಂದ 10 ಏರಬೇಕು, ಹುಟ್ಟಿದಾಗಿನ ತೂಕ ಏಳರಿಂದ ಹತ್ತು ದಿನಕ್ಕೆ ಎರಡರಷ್ಟಾಗಬೇಕು. ಒಂದು ದಿನ ತೂಕ ನಿಂತರೆ ಎಚ್ಚರ, ಇಳಿದರೆ ಆಸ್ಪತ್ರೆ. ಮರಿ ಸಪ್ಪಗಿದೆ ಎಂದು ನಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ಹೆಚ್ಚಿನ ಪಾಲು ಕೈಮೀರಿರುತ್ತದೆ. ತಕ್ಕಡಿ ಅದನ್ನು ಮುಂಚೆಯೇ ಹೇಳುತ್ತದೆ.

ಕುಡಿಸುವ ರೀತಿಯಲ್ಲಿ ನಮ್ಮ ಮನೆಗಳ ಒಂದು ಹಳೇ ಅಭ್ಯಾಸ ಅಡ್ಡ ಬರುತ್ತದೆ. ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ಒಳಲೆಯಲ್ಲಿ ಹಾಲು, ಔಷಧಿ ಹಾಕಿ ಬೆಳೆಸಿದ ಕೈಗಳು ನಾಯಿಮರಿಯನ್ನೂ ಹಾಗೇ ಅಂಗಾತ ಹಿಡಿಯುತ್ತವೆ. ಅಜ್ಜಿಯಂದಿರು ಇದರಲ್ಲಿ ಪಳಗಿದವರಾದ್ದರಿಂದ ಅವರಿಗೆ ಬೇಡವೆನ್ನುವುದು ಕಷ್ಟ. ಆದರೆ ಮರಿ ತಾಯಿಯ ಹತ್ತಿರ ಕುಡಿಯುವುದು ಹೊಟ್ಟೆ ಕೆಳಗೆ, ತಲೆ ತುಸು ಮೇಲೆ ಮಾಡಿ, ಮುಂಗಾಲಿನಿಂದ ಒತ್ತುತ್ತ. ಹಾಗೆಯೇ ಹಿಡಿಯಬೇಕು. ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮೂಗಿನಲ್ಲಿ ಹಾಲು ಬಂದರೆ ತಕ್ಷಣ ನಿಲ್ಲಿಸಿ, ತಲೆ ತಗ್ಗಿಸಿ ಒರೆಸಿ. ಸಿರಿಂಜನ್ನು ಒತ್ತಿ ಹರಿಸುವುದು, ಇಂಕ್ ಫಿಲ್ಲರಿನಿಂದ ಪಿಚಕ್ಕನೆ ಹಾಕುವುದು ಇದಕ್ಕಿಂತ ಅಪಾಯ. ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸುವುದರಲ್ಲಿ ಎಷ್ಟು ಒಳಗೆ ಹೋಯಿತೆಂದು ಲೆಕ್ಕ ಸಿಗುವುದಿಲ್ಲ, ಹತ್ತಿಯ ಎಳೆಯೂ ಒಳಗೆ ಹೋಗುತ್ತದೆ. ಸಣ್ಣ ನಿಪ್ಪಲ್ಲಿನ ಬಾಟಲಿ ಒಳ್ಳೆಯದು. ಬೋರಲು ಹಿಡಿದರೆ ತೊಟ್ಟಿಕ್ಕಬೇಕು, ಧಾರೆಯಾಗಬಾರದು.

ಕುಡಿಸಿದ ಮೇಲೆ ಕೆಲಸ ಮುಗಿಯಲಿಲ್ಲ. ಮೊದಲ ಎರಡು ಮೂರು ವಾರ ಮರಿ ತಾನಾಗಿ ಉಚ್ಚೆ, ಕಕ್ಕ ಮಾಡಲಾರದು. ತಾಯಿ ನೆಕ್ಕಿ ನೆಕ್ಕಿ ಮಾಡಿಸುತ್ತಾಳೆ. ಆ ಕೆಲಸಕ್ಕೆ ನೀವು ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ಹಿಡಿದು ಪ್ರತಿ ಸಲವೂ ಮೃದುವಾಗಿ ಒರೆಸಬೇಕು. ಉಚ್ಚೆ ತಿಳಿಯಾಗಿದ್ದರೆ ಸರಿ. ಗಾಢ ಹಳದಿಯಾದರೆ ಮೈಯಲ್ಲಿ ನೀರು ಸಾಲದು.

ಇಷ್ಟೆಲ್ಲ ಕೇಳಿದ ಮೇಲೆ, ಇದನ್ನೆಲ್ಲ ಸಲೀಸಾಗಿ ಮಾಡಬಲ್ಲವಳು ಒಬ್ಬಳಿದ್ದಾಳಲ್ಲ ಎಂದು ನಿಮಗೆ ಅನಿಸಿರಬೇಕು. ನಾವು ‘ಅನಾಥ’ ಎಂದು ಎತ್ತಿಕೊಂಡು ಬರುವ ಮರಿಗಳಲ್ಲಿ ಬಹಳಷ್ಟಕ್ಕೆ ತಾಯಿ ಇರುತ್ತಾಳೆ, ಅನ್ನ ಹುಡುಕಿಕೊಂಡು ಹೋಗಿರುತ್ತಾಳೆ. ಇಲ್ಲವೇ ಜಾಗ ಬದಲಿಸಲು ಒಂದೊಂದೇ ಮರಿಯನ್ನು ಕಚ್ಚಿಕೊಂಡು ಸಾಗಿಸುತ್ತಿರುತ್ತಾಳೆ. ನಾವು ನೋಡುವಾಗ ಕೊನೆಯದೊಂದು ಉಳಿದಿರುತ್ತದೆ. ಮರಿಗಳು ಬೆಚ್ಚಗೆ, ಒಂದರ ಮೇಲೊಂದು ಬಿದ್ದು, ಹೊಟ್ಟೆ ಗುಂಡಗಾಗಿ ಮಲಗಿದ್ದರೆ ತಾಯಿ ಇದ್ದಾಳೆಂದೇ ಅರ್ಥ. ದೂರ ನಿಂತು ಕೆಲವು ಗಂಟೆ ಕಾಯಿರಿ. ನೀವು ಹತ್ತಿರವೇ ಇದ್ದರೆ ಅವಳು ಬರುವುದಿಲ್ಲ. ಚರಂಡಿ ನೀರಿನಲ್ಲೋ ವಾಹನದ ಅಡಿಯಲ್ಲೋ ಇದ್ದರೆ ಹತ್ತು ಹೆಜ್ಜೆ ಆಚೆ ಒಣ ಜಾಗಕ್ಕೆ ಸರಿಸಿ. ಮನೆಗೆ ತಂದುಬಿಟ್ಟರೆ ತಾಯಿಗೆ ಸಿಗುವುದಿಲ್ಲ.

ಅದರಲ್ಲೂ ಹುಟ್ಟಿದ ದಿನದ ಮರಿ. ಗಿಣ್ಣಿನ ರುಚಿ ಗೊತ್ತಿರುವ ನಾಡು ನಮ್ಮದು, ಅದರ ಬೆಲೆಯೂ ಗೊತ್ತಿರಬೇಕು. ರೋಗ ತಡೆಯುವ ಪ್ರತಿಕಾಯಗಳಲ್ಲಿ ಗರ್ಭದಲ್ಲಿ ಮರಿಗೆ ದಾಟುವುದು ಅಲ್ಪ, ಉಳಿದ ಹೆಚ್ಚಿನ ಪಾಲು ಬರುವುದು ತಾಯಿಯ ಗಿಣ್ಣುಹಾಲಿನಿಂದ. ಅದನ್ನು ಹೀರಿಕೊಳ್ಳುವ ಬಾಗಿಲು ಕರುಳಿನಲ್ಲಿ ಸುಮಾರು 24 ಗಂಟೆಗೆ ಮುಚ್ಚಿಹೋಗುತ್ತದೆ. ಯಾವ ಪುಡಿ ಹಾಲಿನಲ್ಲೂ ಅದು ಇಲ್ಲ.

ಕೋಲ್ಕತ್ತದ ಐಸರ್ ವಿಜ್ಞಾನ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಅವರ ವಿದ್ಯಾರ್ಥಿಗಳು ಬೀದಿನಾಯಿಗಳ ಬದುಕನ್ನು ಬೀದಿಯಲ್ಲೇ ಕೂತು ಅಭ್ಯಾಸ ಮಾಡಿದವರು. ಐದು ವರ್ಷ 95 ಸೂಲುಗಳ 364 ಮರಿಗಳನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರಾಯಕ್ಕೆ ಬರುವವರೆಗೆ ಬದುಕಿದ್ದು ಸುಮಾರು ಶೇ. 19. ದಾಖಲಾದ ಸಾವುಗಳಲ್ಲಿ ಶೇ. 63ರ ಹಿಂದೆ ಮನುಷ್ಯರ ಕೈವಾಡವಿತ್ತು: ವಾಹನ, ಏಟು, ವಿಷ, ಮತ್ತು ಎತ್ತಿಕೊಂಡು ಹೋಗುವುದು. ಪ್ರೀತಿಯಿಂದ ಎತ್ತಿಕೊಂಡು ಹೋದವರೂ ಆ ಲೆಕ್ಕದಲ್ಲಿ ಸೇರುತ್ತಾರೆ. ಈ ಅಂಕಿಯನ್ನು ಓದಿದ ಮೇಲೆ ನನ್ನ ಸಲಹೆಯ ಧಾಟಿ ಬದಲಾಯಿತು. ಮರಿಗೆ ಹಾಲು ಹುಡುಕುವುದಕ್ಕಿಂತ ತಾಯಿಗೆ ಅನ್ನ ಹಾಕಿ ಎನ್ನುತ್ತೇನೆ.

ಬಾಣಂತಿಯ ಆರೈಕೆ ಗೊತ್ತಿರುವ ಜನಕ್ಕೆ ಇದು ಹೊಸದಲ್ಲ. ಮರಿಗಳಿಗೆ ಮೂರು ನಾಲ್ಕು ವಾರವಾಗುವ ಹೊತ್ತಿಗೆ ತಾಯಿಗೆ ಮಾಮೂಲಿನ ಎರಡು ಮೂರು ಪಟ್ಟು ಆಹಾರ ಬೇಕು. ಅನ್ನ ಇಲ್ಲವೇ ಮುದ್ದೆಯ ಜೊತೆ ಬೇಯಿಸಿದ ಮೊಟ್ಟೆ, ಕೋಳಿ ಅಂಗಡಿಯ ಉಳಿಕೆ ಬೇಯಿಸಿದ್ದು; ಮೂಳೆ ಬೇಡ. ಪಕ್ಕದಲ್ಲಿ ಸದಾ ನೀರು. ಮಲಗಲು ಮೆಟ್ಟಿಲ ಕೆಳಗೊಂದು ಒಣ ಗೋಣಿಚೀಲ. ಅವಳಿಗೆ ಹೊಟ್ಟೆ ತುಂಬಿದರೆ ಆರು ಮರಿಗೂ ಹಾಲು ಬಂತು, ಕಾವೂ ಬಂತು, ರಾತ್ರಿ ಪಾಳಿಯೂ ತಪ್ಪಿತು.

ಇಲ್ಲೇ ಮನೆ ನಾಯಿಯ ಒಂದು ಮಾತು ಸೇರಿಸಬೇಕು, ಮುಖ್ಯವಾಗಿ ಪಾಮೇರಿಯನ್ ಥರದ ಸಣ್ಣ ನಾಯಿ ಸಾಕಿದವರಿಗೆ. ಹಸುವಿಗೆ ಕರು ಹಾಕಿದ ಮೇಲೆ ಬರುವ ಹಾಲುಜ್ವರ ರೈತರಿಗೆ ಗೊತ್ತು. ಕ್ಯಾಲ್ಸಿಯಂ ಕುಸಿದು ಹಸು ಮೈ ತಣ್ಣಗಾಗಿ ಮಲಗಿಬಿಡುತ್ತದೆ. ಅದೇ ಕೊರತೆ ನಾಯಿಗೂ ಬರುತ್ತದೆ, ಸಾಮಾನ್ಯವಾಗಿ ಮರಿ ಹಾಕಿದ ಎರಡರಿಂದ ನಾಲ್ಕು ವಾರದಲ್ಲಿ. ಆದರೆ ನಾಯಿ ತಣ್ಣಗಾಗುವುದಿಲ್ಲ. ತೇಕುತ್ತದೆ, ಕಾಲು ಸೆಟೆದು ನಡುಗುತ್ತದೆ, ಮೈ ಕೆಂಡವಾಗುತ್ತದೆ. ಜ್ವರವೆಂದು ಮಾತ್ರೆ ಹಾಕುತ್ತ ಕೂತರೆ ಗಂಟೆಗಳಲ್ಲಿ ಸಾಯುತ್ತದೆ. ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ನೋಡುನೋಡುತ್ತಲೇ ಏಳುತ್ತದೆ. ಹಾಗೆಂದು ಗಬ್ಬದಲ್ಲೇ ಕ್ಯಾಲ್ಸಿಯಂ ಟಾನಿಕ್ ಸುರಿಯುವುದು ಉಪಾಯವಲ್ಲ. ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವುದನ್ನು ಮೈ ಆಗ ಮರೆತುಬಿಡುತ್ತದೆ, ಅಪಾಯ ಇನ್ನೂ ಹೆಚ್ಚುತ್ತದೆ.

ಮೂರನೇ ವಾರ ಹಲ್ಲು ಮೂಡುತ್ತದೆ. ತಾಯಿಗೆ ಅದು ಚುಚ್ಚುತ್ತದೆ, ಎದ್ದು ಹೋಗತೊಡಗುತ್ತಾಳೆ. ನಾಲ್ಕನೇ ವಾರದಿಂದ ತಟ್ಟೆಯಲ್ಲಿ ತೆಳ್ಳನೆಯ ಆಹಾರ ಇಡಬಹುದು. ಮೊದಮೊದಲು ಮರಿಗಳು ತಿನ್ನುವುದಕ್ಕಿಂತ ಅದರಲ್ಲಿ ನಡೆದಾಡುವುದೇ ಹೆಚ್ಚು, ಬಿಡಿ. ರಾಗಿ ಗಂಜಿ ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ರಾಗಿಯಲ್ಲೂ ಅಕ್ಕಿಯಲ್ಲೂ ಪ್ರೋಟೀನು ಶೇ. 7ರಷ್ಟು, ಬೆಳೆಯುವ ಮರಿಯ ಒಣ ಆಹಾರದಲ್ಲಿ ಬೇಕಾದದ್ದು ಶೇ. 22ಕ್ಕೂ ಹೆಚ್ಚು. ಹಾಲನ್ನ, ಮೊಸರನ್ನದಲ್ಲೇ ಬೆಳೆದ ಮರಿ ಬದುಕುತ್ತದೆ ನಿಜ, ಡೊಳ್ಳುಹೊಟ್ಟೆ ಮತ್ತು ಸಣಕಲು ಕಾಲಿನೊಂದಿಗೆ. ಗಂಜಿಗೆ ಬೇಯಿಸಿದ ಮೊಟ್ಟೆ ಅಥವಾ ನುಣ್ಣಗೆ ಅರೆದ ಕೋಳಿಮಾಂಸ ಸೇರಿಸಿ.

ಡೊಳ್ಳುಹೊಟ್ಟೆಗೆ ಇನ್ನೊಂದು ಕಾರಣ ಜಂತುಹುಳು. ಇದು ಮಣ್ಣಿನಿಂದಷ್ಟೇ ಬರುವುದಲ್ಲ, ಗರ್ಭದಲ್ಲೇ ತಾಯಿಯಿಂದ ಮರಿಗೆ ದಾಟಿರುತ್ತದೆ, ಆಮೇಲೆ ಹಾಲಿನಲ್ಲೂ ಬರುತ್ತದೆ. ಆದ್ದರಿಂದ ಎರಡನೇ ವಾರಕ್ಕೇ ಮೊದಲ ಔಷಧಿ, ನಂತರ ಎರಡು ವಾರಕ್ಕೊಮ್ಮೆ ಎಂಟನೇ ವಾರದವರೆಗೆ, ತೂಕ ನೋಡಿಯೇ. ಚಿಗಟ, ಉಣ್ಣೆ ಹತ್ತಿದ್ದರೆ ಕೈಯಿಂದ, ಬಾಚಣಿಗೆಯಿಂದ ತೆಗೆಯಿರಿ. ದನದ ಉಣ್ಣೆಗೆಂದು ಕೊಟ್ಟಿಗೆಯಲ್ಲಿಟ್ಟ ಔಷಧಿಯನ್ನು ‘ಒಂದೇ ತೊಟ್ಟು’ ಎಂದು ಮರಿಗೆ ಸವರಬೇಡಿ. ಉಣ್ಣೆಯ ಜೊತೆ ಮರಿಯೂ ಹೋಗುತ್ತದೆ.

ಕೊಂಡು ತರುವವರಿಗೆ: ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು ನಾಯಿ ತಳಿ ಸಾಕಣೆ ಮತ್ತು ಮಾರಾಟದ ಕೇಂದ್ರ ನಿಯಮಗಳು 2017ರಿಂದಲೇ ಹೇಳುತ್ತಿವೆ. ಅಮೆರಿಕದ ವಿಜ್ಞಾನಿಗಳಾದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತೋರಿಸಿದಂತೆ ಮೂರರಿಂದ ಹನ್ನೆರಡನೇ ವಾರದ ನಡುವೆ ಮರಿ ನಾಯಿಗಳ ನಡತೆಯನ್ನೂ ಮನುಷ್ಯರ ಸಹವಾಸವನ್ನೂ ಕಲಿಯುತ್ತದೆ. ಎಷ್ಟು ಕಚ್ಚಿದರೆ ನೋಯುತ್ತದೆ ಎಂಬುದನ್ನು ಕಲಿಸುವವು ಅದರ ಒಡಹುಟ್ಟಿದವು. ಐದು ವಾರದ್ದನ್ನು ‘ಎರಡು ತಿಂಗಳಾಗಿದೆ’ ಎಂದು ಕೈಗಿಡುವುದು ಮಾರುಕಟ್ಟೆಯ ಮಾತು. ಬಾಯಿ ತೆರೆದು ಎಣಿಸಿ: ಎಂಟು ವಾರದ ಹೊತ್ತಿಗೆ 28 ಹಾಲುಹಲ್ಲೂ ಬಂದಿರುತ್ತವೆ.

ಲಸಿಕೆಯ ಮಾತನ್ನು ಚುಟುಕಾಗಿ ಹೇಳುತ್ತೇನೆ. 1978ರಲ್ಲಿ ಜಗತ್ತಿನಲ್ಲೆಲ್ಲ ಕಾಣಿಸಿಕೊಂಡ ಪಾರ್ವೋ ವೈರಾಣು ಇಂದಿಗೂ ಮರಿಗಳ ದೊಡ್ಡ ಶತ್ರು, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆರರಿಂದ ಎಂಟು ವಾರಕ್ಕೆ ಮೊದಲ ಚುಚ್ಚುಮದ್ದು, ಮುಂದೆ ಮೂರು ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೆ. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಲಸಿಕೆಗೆ ಅಡ್ಡಬರಬಹುದಾದ್ದರಿಂದ ಒಂದೇ ಹಾಕಿಸಿ ನಿಲ್ಲಿಸಬಾರದು. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಹಾಲು ಬತ್ತಿದ ಮೇಲೆ ಬೀದಿಯ ತಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಅದು ಸ್ಥಳೀಯ ಸಂಸ್ಥೆಯ ಹೊಣೆ. ದಿನವೂ ಅನ್ನ ಹಾಕಿದವರ ಕೈಗೆ ಅವಳು ಸುಲಭವಾಗಿ ಸಿಗುತ್ತಾಳೆ, ಹಿಡಿಯುವವರಿಗೆ ನೆರವಾಗಿ.

ಇನ್ನು ಮರಿಯ ಮಾತಲ್ಲ, ಮರಿಯನ್ನು ಎತ್ತಿಕೊಂಡವರ ಮಾತು. ಹಾಲುಹಲ್ಲು ಸೂಜಿಯಷ್ಟು ಚೂಪು, ಆಟದಲ್ಲೇ ಮಕ್ಕಳ ಕೈ ಗೀರುತ್ತದೆ. ಮರಿಗೂ ರೇಬಿಸ್ ಬರುತ್ತದೆ. ಹುಚ್ಚು ಹಿಡಿದ ನಾಯಿ ಮರಿಗಳ ಗುಂಪಿಗೆ ನುಗ್ಗಿ ಕಚ್ಚಿ ಹೋಗಿದ್ದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಗುರುತು ಪರಿಚಯವಿಲ್ಲದ ಮರಿಯ ಹಲ್ಲು ತಾಗಿ ಚರ್ಮ ಗೀರಿದರೆ ಅರಿಸಿನ, ಸುಣ್ಣ ಹಚ್ಚದೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನದ ನಂತರ 3, 7 ಮತ್ತು 28ನೇ ದಿನ ಮತ್ತೆ ಹಾಕಿಸಿಕೊಳ್ಳಬೇಕು. ಮಕ್ಕಳು ಬೈಗುಳಕ್ಕೆ ಹೆದರಿ ಗಾಯ ಮುಚ್ಚಿಡುತ್ತಾರೆ. ಬೀದಿಯಲ್ಲಿ ಮರಿಗಳಿರುವ ದಿನಗಳಲ್ಲಿ ಸಂಜೆ ಕೈಕಾಲು ತೊಳೆಸುವ ನೆಪದಲ್ಲಿ ಅವರ ಕೈಯನ್ನೊಮ್ಮೆ ತಿರುಗಿಸಿ ನೋಡಿ.